ಹೈರೋಗ್ಲಿಫ್: ಗೋಡೆಯ ಮುಂದೆ ನಿಂತು ಕಲಿಯುವ ಲಿಪಿ

ಪ್ರಾಚೀನ ಈಜಿಪ್ಟಿನ ದೇವಾಲಯ, ಗೋರಿ, ಕಂಬ ಹಾಗೂ ವಿಗ್ರಹಗಳ ಮೇಲೆ ಹಕ್ಕಿ, ಹಾವು, ಕಣ್ಣು, ಕೈ, ಮನೆ, ಸೂರ್ಯ ಮುಂತಾದ ಆಕೃತಿಗಳಲ್ಲಿ ಕೆತ್ತಿರುವ ಬರವಣಿಗೆಗೆ ಹೈರೋಗ್ಲಿಫ್ ಎಂದು ಹೆಸರು. ಈ ಹೆಸರು ಗ್ರೀಕರು ಕೊಟ್ಟದ್ದು; ‘ಪವಿತ್ರ ಕೆತ್ತನೆ’ ಎಂಬುದು ಅದರ ಅರ್ಥ. ಈಜಿಪ್ಟಿನವರು ಇದನ್ನು ‘ಮೆದು ನೆಚೆರ್’, ಅಂದರೆ ದೇವರ ಮಾತು, ಎಂದು ಕರೆಯುತ್ತಿದ್ದರು. ಅಬೈಡೋಸ್ ಎಂಬಲ್ಲಿ ಅರಸನೊಬ್ಬನ ಗೋರಿಯಲ್ಲಿ ಸಿಕ್ಕ ಚಿಹ್ನೆಗಳುಳ್ಳ ಪುಟ್ಟ ಪಟ್ಟಿಗಳು ಸುಮಾರು ಕ್ರಿ.ಪೂ. 3200ರಷ್ಟು ಹಳೆಯವು. ಕಾಲ ತಿಳಿದಿರುವ ಕಟ್ಟಕಡೆಯ ಹೈರೋಗ್ಲಿಫ್ ಬರಹ ದಕ್ಷಿಣದ ಫಿಲೇ ದೇವಾಲಯದಲ್ಲಿದ್ದು, ಕ್ರಿ.ಶ. 394ರ ಆಗಸ್ಟ್ 24ಕ್ಕೆ ಸೇರಿದೆ. ಮೂರೂವರೆ ಸಾವಿರ ವರ್ಷಗಳಷ್ಟು ಕಾಲ ಒಂದೇ ಲಿಪಿ, ಆಕಾರದಲ್ಲಿ ಬಹುಮಟ್ಟಿಗೆ ಗುರುತು ಸಿಗುವಂತೆಯೇ, ಬಳಕೆಯಲ್ಲಿ ಉಳಿದಿತ್ತು.

ಕನ್ನಡದಲ್ಲಿ ಇದನ್ನು ವಾಡಿಕೆಯಾಗಿ ಚಿತ್ರಲಿಪಿ ಎನ್ನುತ್ತೇವೆ. ನೋಡುವ ಕಣ್ಣಿಗೆ ಅದು ನಿಜವಾದರೂ ಓದುವವರನ್ನು ದಾರಿ ತಪ್ಪಿಸುವುದೂ ಅದೇ. ಚಿತ್ರವಿದ್ದರೆ ಅದರ ಅರ್ಥವೂ ಚಿತ್ರದಲ್ಲೇ ಇರಬೇಕು ಎಂಬ ನಂಬಿಕೆಯಿಂದಲೇ ಯುರೋಪಿನ ವಿದ್ವಾಂಸರು ಶತಮಾನಗಳ ಕಾಲ ಈ ಲಿಪಿಯನ್ನು ಓದಲಾರದೆ ಹೋದರು. ಹದಿನೇಳನೆಯ ಶತಮಾನದ ಅಥನಾಸಿಯಸ್ ಕಿರ್ಷರ್ ಎಂಬ ಪಂಡಿತನು ಅರಸನ ಹೆಸರಷ್ಟೇ ಇದ್ದ ಜಾಗದಲ್ಲಿ ಒಸಿರಿಸ್ ದೇವರ ಮಹಿಮೆಯನ್ನು ಹೇಳುವ ಉದ್ದುದ್ದ ವಾಕ್ಯಗಳನ್ನು ಕಂಡನು. 1799ರಲ್ಲಿ ರಶೀದ್ ಪಟ್ಟಣದ ಬಳಿ ಫ್ರೆಂಚ್ ಸೈನಿಕರಿಗೆ ಸಿಕ್ಕ ರೊಸೆಟ್ಟಾ ಶಿಲೆಯಲ್ಲಿ ಒಂದೇ ರಾಜಾಜ್ಞೆ ಹೈರೋಗ್ಲಿಫ್, ಡೆಮೋಟಿಕ್ (ಈಜಿಪ್ಟಿನವರ ದಿನಬಳಕೆಯ ಬರವಣಿಗೆ) ಮತ್ತು ಗ್ರೀಕ್ ಎಂಬ ಮೂರು ಲಿಪಿಗಳಲ್ಲಿ ಇದ್ದುದರಿಂದ ದಾರಿ ತೆರೆಯಿತು. ಪ್ರಾಚೀನ ಈಜಿಪ್ಟಿನ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್ ಭಾಷೆಯನ್ನು ಚೆನ್ನಾಗಿ ಬಲ್ಲ ಜಾನ್ ಫ್ರಾನ್ಸ್ವಾ ಶಾಂಪೋಲಿಯೋ 1822ರ ಸೆಪ್ಟೆಂಬರಿನಲ್ಲಿ ಈ ಚಿಹ್ನೆಗಳು ಧ್ವನಿಗಳನ್ನು ಬರೆಯುತ್ತವೆ ಎಂಬುದನ್ನು ತೋರಿಸಿಕೊಟ್ಟನು. ಆತನು ಅಲ್ಲಿಯವರೆಗೆ ಈಜಿಪ್ಟನ್ನು ನೋಡಿಯೇ ಇರಲಿಲ್ಲ. ಕಾಗದದ ಮೇಲಿನ ಪ್ರತಿಗಳಿಂದ ಕಲಿತದ್ದನ್ನು ಗೋಡೆಗಳ ಮುಂದೆ ನಿಂತು ಓದಿ ನೋಡಲು ಆತನಿಗೆ ಅವಕಾಶ ಸಿಕ್ಕಿದ್ದು 1828ರಲ್ಲಿ. ಈ ಲಿಪಿಯನ್ನು ಕಲಿಯಲು ಮಾರ್ಗದರ್ಶಕರೊಂದಿಗೆ ಈಜಿಪ್ಟಿಗೆ ಹೋಗುವ ಇಂದಿನ ಅಧ್ಯಯನ ಪ್ರವಾಸಿಗಳೂ ಅದೇ ಕ್ರಮದಲ್ಲಿ, ಪುಸ್ತಕದಿಂದ ಗೋಡೆಗೆ ಹೋಗುತ್ತಾರೆ.

ಒಂದು ಚಿಹ್ನೆ ಮೂರು ಬಗೆಯ ಕೆಲಸಗಳಲ್ಲಿ ಯಾವುದನ್ನಾದರೂ ಮಾಡಬಹುದು. ಕೆಲವೊಮ್ಮೆ ಅದು ತಾನು ತೋರಿಸುವ ವಸ್ತುವನ್ನೇ ಹೇಳುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ವಸ್ತುವನ್ನು ಬಿಟ್ಟು ಧ್ವನಿಯನ್ನಷ್ಟೇ ಕೊಡುತ್ತದೆ: ಗೂಬೆ ‘ಮ್’, ನೀರಿನ ಅಲೆ ‘ನ್’, ಬಾಯಿ ‘ರ್’, ಕೊಂಬಿನ ಹಾವು ‘ಫ್’. ಹೀಗೆ ಒಂದೊಂದೇ ವ್ಯಂಜನವನ್ನು ಸೂಚಿಸುವ ಚಿಹ್ನೆಗಳು ಸುಮಾರು 24 ಇದ್ದು, ಎರಡು ಅಥವಾ ಮೂರು ವ್ಯಂಜನಗಳನ್ನು ಒಟ್ಟಿಗೆ ಸೂಚಿಸುವ ಚಿಹ್ನೆಗಳು ಇವುಗಳಿಗಿಂತ ಬಹಳ ಹೆಚ್ಚಿವೆ. ಮೂರನೆಯ ಕೆಲಸ ಎಲ್ಲಕ್ಕಿಂತ ಸ್ವಾರಸ್ಯವಾದುದು. ಪದದ ಕೊನೆಯಲ್ಲಿ ಬಂದು, ತಾನು ಯಾವ ಉಚ್ಚಾರಣೆಯನ್ನೂ ಪಡೆಯದೆ, ಆ ಪದ ಯಾವ ಜಾತಿಯದು ಎಂಬುದನ್ನಷ್ಟೇ ತಿಳಿಸುವ ಚಿಹ್ನೆಯನ್ನು ಅರ್ಥಸೂಚಕ ಎನ್ನಬಹುದು. ಮನೆಯ ತಳವಿನ್ಯಾಸದ ಚಿಹ್ನೆಯು ‘ಪ್-ರ್’ ಎಂಬ ಎರಡು ವ್ಯಂಜನಗಳನ್ನು ಕೊಡುತ್ತದೆ. ಅದರ ಕೆಳಗೆ ಒಂದು ಗೀಟು ಇದ್ದರೆ ಅದು ಮನೆಯೇ. ಅದರ ಜೊತೆಗೆ ಬಾಯಿಯ ಚಿಹ್ನೆಯೂ ನಡೆಯುತ್ತಿರುವ ಎರಡು ಕಾಲುಗಳೂ ಬಂದರೆ ‘ಹೊರಗೆ ಹೋಗು’ ಎಂಬ ಕ್ರಿಯಾಪದ. ಇಲ್ಲಿ ಬಾಯಿ ‘ಪ್-ರ್’ನ ಕೊನೆಯ ವ್ಯಂಜನವನ್ನು ಮತ್ತೊಮ್ಮೆ ನೆನಪಿಸುವ ಧ್ವನಿಪೂರಕವೇ ಹೊರತು ಇನ್ನೊಂದು ‘ರ್’ ಅಲ್ಲ. ಕಾಲುಗಳನ್ನು ಉಚ್ಚರಿಸುವುದೇ ಇಲ್ಲ.

ಈ ಲಿಪಿಗೆ ಅರ್ಥಸೂಚಕ ಏಕೆ ಬೇಕಾಯಿತು ಎಂಬುದು ಸ್ವರಗಳಿಲ್ಲದ ಬರವಣಿಗೆಯನ್ನು ನೆನೆದರೆ ತಿಳಿಯುತ್ತದೆ. ಕನ್ನಡವನ್ನು ಸ್ವರಗಳನ್ನೆಲ್ಲ ಕಳೆದು ಬರೆದರೆ ಮರ, ಮರಿ, ಮಾರು, ಮೂರು, ಮೋರೆ ಎಲ್ಲವೂ ‘ಮ್-ರ್’ ಆಗಿಬಿಡುತ್ತವೆ. ಆಗ ಒಂದರ ಕೊನೆಗೆ ಗಿಡವನ್ನೂ ಇನ್ನೊಂದರ ಕೊನೆಗೆ ಪ್ರಾಣಿಯನ್ನೂ ಮತ್ತೊಂದರ ಕೊನೆಗೆ ಮೂರು ಗೀಟುಗಳನ್ನೂ ಬರೆದರೆ ಓದುಗರಿಗೆ ಗೊಂದಲ ಉಳಿಯುವುದಿಲ್ಲ. ಈಜಿಪ್ಟಿನ ಲಿಪಿಕಾರರು ಮಾಡಿದ್ದು ಇದನ್ನೇ. ಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲದ ಆ ಬರವಣಿಗೆಯಲ್ಲಿ ಪದ ಎಲ್ಲಿ ಮುಗಿಯಿತು ಎಂಬುದನ್ನೂ ಅರ್ಥಸೂಚಕವೇ ತಿಳಿಸುತ್ತದೆ. ಮೂಲ ಸ್ವರಗಳು ಬರವಣಿಗೆಯಲ್ಲಿ ಉಳಿದಿಲ್ಲವಾದ್ದರಿಂದ, ಓದಲು ಅನುಕೂಲವಾಗಲೆಂದು ವಿದ್ವಾಂಸರು ನಡುವೆ ‘ಎ’ಕಾರ ಸೇರಿಸಿ ‘ನ್-ಫ್-ರ್’ ಎಂಬುದನ್ನು ‘ನೆಫೆರ್’ ಎಂದು ಉಚ್ಚರಿಸುತ್ತಾರೆ.

ಇಷ್ಟನ್ನು ಮನೆಯಲ್ಲೇ ಕಲಿಯಬಹುದು. ಕಲಿತೇ ಹೋಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಏಕವ್ಯಂಜನ ಚಿಹ್ನೆಗಳೂ ಗೊತ್ತಿಲ್ಲದೆ ಹೊರಟವರಿಗೆ ಮಾರ್ಗದರ್ಶಕರು ಎಷ್ಟೇ ಸಮರ್ಥರಾಗಿದ್ದರೂ ಪ್ರವಾಸದ ಮೊದಲ ಭಾಗವೆಲ್ಲ ಅಕ್ಷರಾಭ್ಯಾಸದಲ್ಲೇ ಕಳೆದುಹೋಗುತ್ತದೆ. ಆದರೆ ಪುಸ್ತಕ ಕಲಿಸಲಾರದ ಕೆಲವು ಸಂಗತಿಗಳಿವೆ, ಅವುಗಳಲ್ಲಿ ಮೊದಲನೆಯದು ದಿಕ್ಕು. ಅಚ್ಚಾದ ಪಠ್ಯಗಳು ನಮ್ಮ ಅನುಕೂಲಕ್ಕಾಗಿ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಇರುತ್ತವೆ. ಗೋಡೆಯ ಮೇಲಿನ ಬರಹ ಬಲದಿಂದ ಎಡಕ್ಕೂ, ಎಡದಿಂದ ಬಲಕ್ಕೂ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿಯೂ ಇರಬಹುದು. ಹಕ್ಕಿ, ಮನುಷ್ಯ, ಪ್ರಾಣಿಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಓದಲು ತೊಡಗಬೇಕು ಎಂಬುದು ಸರಳವಾದ ನಿಯಮ. ಆದರೆ ಬಾಗಿಲಿನ ಎರಡು ಪಕ್ಕಗಳಲ್ಲಿ ಒಂದೇ ಬರಹ ಒಂದಕ್ಕೊಂದು ಕನ್ನಡಿಯಂತೆ ಎದುರಾಗಿ ಕೆತ್ತಿರುವುದನ್ನು ಕಂಡಾಗಲೇ ಆ ನಿಯಮದ ಹಿಂದಿನ ಅಂದದ ದೃಷ್ಟಿ ತಿಳಿಯುವುದು. ದೇವರು ಮತ್ತು ಅರಸ ಎದುರುಬದುರಾಗಿ ನಿಂತ ಶಿಲ್ಪದಲ್ಲಿ ದೇವರ ಮಾತಿನ ಅಕ್ಷರಗಳು ದೇವರು ನೋಡುವ ಕಡೆಗೂ ಅರಸನ ಹೆಸರಿನ ಅಕ್ಷರಗಳು ಅರಸ ನೋಡುವ ಕಡೆಗೂ ಮುಖ ಮಾಡಿರುತ್ತವೆ. ಯಾವ ಮಾತು ಯಾರದ್ದು ಎಂಬುದು ಓದುವ ಮೊದಲೇ ಗೊತ್ತಾಗುತ್ತದೆ. ನಾಗರಹಾವು ಮತ್ತು ಕೋಲಿನ ಚಿಹ್ನೆಗಳು ಸಾಲಿನ ತಲೆಯಲ್ಲಿ ಕಂಡರೆ ಅದು ‘ಜೆದ್ ಮೆದು’, ಅಂದರೆ ‘ನುಡಿಯುವ ಮಾತುಗಳು’. ಅದರ ಕೆಳಗೆ ನುಡಿದ ದೇವರ ಹೆಸರನ್ನು ನಿರೀಕ್ಷಿಸಬಹುದು.

ಹೀಗೆ ಮತ್ತೆ ಮತ್ತೆ ಬರುವ ಸೂತ್ರವಾಕ್ಯಗಳೇ ಅಧ್ಯಯನ ಪ್ರವಾಸದ ನಿಜವಾದ ಪಠ್ಯ. ಅವುಗಳಲ್ಲಿ ಅರಸರ ಹೆಸರುಗಳು ಮೊದಲು ಬರುತ್ತವೆ, ಏಕೆಂದರೆ ಕಾರ್ಟೂಶ್ ಎಂಬ ಉದ್ದನೆಯ ಉಂಗುರದ ಒಳಗೆ ಅವನ್ನು ಬರೆದಿರುವುದರಿಂದ ಹುಡುಕುವ ಕಷ್ಟವಿಲ್ಲ. ಅರಸನಿಗಿದ್ದ ಐದು ಹೆಸರುಗಳಲ್ಲಿ ಎರಡು ಮಾತ್ರ ಕಾರ್ಟೂಶ್‌ನಲ್ಲಿ ಬರುತ್ತವೆ: ಜೊಂಡಿನ ಗಿಡ ಮತ್ತು ಜೇನುನೊಣ ಮುಂದಿದ್ದರೆ ಪಟ್ಟಾಭಿಷೇಕದ ಹೆಸರು, ಬಾತುಕೋಳಿ ಮತ್ತು ಸೂರ್ಯ ಮುಂದಿದ್ದರೆ ಹುಟ್ಟಿನ ಹೆಸರು. ಅಬೈಡೋಸ್‌ನಲ್ಲಿ ಒಂದನೇ ಸೇತಿ ಕಟ್ಟಿಸಿದ ದೇವಾಲಯದಲ್ಲಿ 76 ಅರಸರ ಹೆಸರುಗಳ ಪಟ್ಟಿಯಿದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗೋಡೆ ನನಗೆ ಗೊತ್ತಿಲ್ಲ. ಮೊದಲ ಹೆಸರು ಮೆನಿ: ‘ಮ್-ನ್’ ಎಂಬ ಜೋಡಿವ್ಯಂಜನವನ್ನು ಸೂಚಿಸುವ ಆಟದ ಹಲಗೆ, ಧ್ವನಿಪೂರಕವಾಗಿ ನೀರಿನ ಅಲೆ, ಕೊನೆಗೆ ಜೊಂಡಿನ ಎಲೆ. ಮಹಾಪಿರಮಿಡ್ಡಿನ ಖುಫುವಿನ ಹೆಸರು ಏಕವ್ಯಂಜನ ಚಿಹ್ನೆಗಳಿಂದಲೇ ಆಗಿರುವುದರಿಂದ ಹೊಸಬರೂ ಅದನ್ನು ಯಾರ ನೆರವೂ ಇಲ್ಲದೆ ಬಿಡಿಸಬಹುದು. ಮೂರನೇ ಥುಟ್ಮೋಸನ ಪಟ್ಟಾಭಿಷೇಕದ ಹೆಸರಿನ ಕಾರ್ಟೂಶ್‌ನಲ್ಲಿ ಸೂರ್ಯ, ಆಟದ ಹಲಗೆ, ಜೀರುಂಡೆ ಈ ಕ್ರಮದಲ್ಲಿ ಇರುತ್ತವೆ. ಓದುವುದು ಮಾತ್ರ ‘ಮೆನ್-ಖೆಪೆರ್-ರಾ’ ಎಂದು. ಸೂರ್ಯದೇವನಾದ ರಾ ಕೊನೆಯಲ್ಲಿ ಉಚ್ಚಾರವಾದರೂ ಗೌರವದಿಂದ ಮೊದಲು ಬರೆಯಲ್ಪಡುತ್ತಾನೆ. ತುತಂಖಾಮೂನನ ಹೆಸರಿನಲ್ಲಿ ಅಮುನ್ ಮೊದಲು ಬರುವುದೂ ಇದೇ ಕಾರಣಕ್ಕೆ. ಆದರೆ ತುತಂಖಾಮೂನನನ್ನು ಅಬೈಡೋಸ್‌ನ ಪಟ್ಟಿಯಲ್ಲಿ ಹುಡುಕಬಾರದು. ಅಖೆನಾತೆನ್ ಮತ್ತು ಹತ್ಶೆಪ್ಸುತ್‌ರಂತೆ ಅವನನ್ನೂ ಅಲ್ಲಿ ಬಿಟ್ಟುಬಿಡಲಾಗಿದೆ.

ಉಂಗುರವೆಲ್ಲವೂ ಕಾರ್ಟೂಶ್ ಅಲ್ಲ ಎಂಬುದು ಲಕ್ಸರ್‌ನ ಕಾರ್ನಾಕ್ ದೇವಾಲಯದಲ್ಲಿ ಗೊತ್ತಾಗುತ್ತದೆ. ಅಲ್ಲಿ ಮೂರನೇ ಥುಟ್ಮೋಸನು ಗೆದ್ದ ಊರುಗಳ ಹೆಸರುಗಳನ್ನು ಕೋಟೆಯ ತೆನೆಗಳಿರುವ ಅಂಡಾಕಾರದ ಚೌಕಟ್ಟಿನೊಳಗೆ ಬರೆದು, ಪ್ರತಿಯೊಂದರ ಮೇಲೂ ಕೈಕಟ್ಟಿದ ಸೆರೆಯಾಳಿನ ಅರ್ಧದೇಹವನ್ನು ಕೆತ್ತಲಾಗಿದೆ. ಅರ್ಥಸೂಚಕದ ಪಾಠ ಇಲ್ಲಿಯೂ ಮುಂದುವರಿಯುತ್ತದೆ: ಈಜಿಪ್ಟಿನ ಊರುಗಳ ಹೆಸರಿನ ಕೊನೆಯಲ್ಲಿ ಅಡ್ಡದಾರಿಗಳಿರುವ ವೃತ್ತ, ಪರದೇಶದ ಹೆಸರುಗಳ ಕೊನೆಯಲ್ಲಿ ಮೂರು ಗುಡ್ಡಗಳು ಬರುತ್ತವೆ.

ಗೋರಿಗಳಲ್ಲಿಯೂ ವಸ್ತುಸಂಗ್ರಹಾಲಯಗಳ ಸ್ಮಾರಕಶಿಲೆಗಳಲ್ಲಿಯೂ ಎದುರಾಗುವ ಸೂತ್ರ ‘ಹೆತೆಪ್ ದಿ ನೆಸು’, ಅಂದರೆ ಅರಸನು ಕೊಡುವ ಎಡೆ. ಇಲ್ಲಿಯೂ ಅರಸನ ಚಿಹ್ನೆಯೇ ಮುಂದೆ ಬರುತ್ತದೆ. ಒಸಿರಿಸ್‌ನ ಹೆಸರು, ಆತನ ಬಿರುದುಗಳು, ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಬಟ್ಟೆ, ಕೊನೆಗೆ ಸತ್ತವರ ‘ಕಾ’ ಎಂಬ ಪ್ರಾಣಶಕ್ತಿಯ ಉಲ್ಲೇಖ ಹಾಗೂ ಅವರ ಹೆಸರು: ಈ ಕ್ರಮ ಸಾವಿರಾರು ಶಿಲೆಗಳಲ್ಲಿ ಹೆಚ್ಚು ಬದಲಾಗದೆ ಬರುವುದರಿಂದ ಒಂದನ್ನು ಸರಿಯಾಗಿ ಓದಿದವರು ಇತರ ಅನೇಕ ಶಿಲೆಗಳಲ್ಲಿ ಹೆಸರು ಎಲ್ಲಿ ಬರುತ್ತದೆಂದು ಊಹಿಸಬಲ್ಲರು. ಎಂದೋ ಬಾಳಿದ್ದ ಗುಮಾಸ್ತನೊಬ್ಬನ ಹೆಸರನ್ನು ಹೀಗೆ ಬಿಡಿಸಿ ಉಚ್ಚರಿಸುವುದು ನನಗೆ ಈ ಕಲಿಕೆಯ ಅತ್ಯಂತ ಪ್ರಿಯವಾದ ಭಾಗ. ದಾರಿಹೋಕರು ನಿಂತು ತಮ್ಮ ಹೆಸರನ್ನು ನುಡಿಯಲಿ ಎಂದೇ ಅವರಲ್ಲಿ ಹಲವರು ಬರೆಸಿಕೊಂಡಿದ್ದರು.

ಓದಿನ ಬಲ ಎಷ್ಟೆಂಬುದಕ್ಕೆ ದೇರ್ ಎಲ್-ಬಹ್ರಿ ದೇವಾಲಯದ ಉದಾಹರಣೆ ಸಾಕು. ಈಜಿಪ್ಟಿನ ಭಾಷೆಯಲ್ಲಿ ಸ್ತ್ರೀಲಿಂಗದ ಪದಗಳಿಗೆ ಕೊನೆಯಲ್ಲಿ ‘ತ್’ ಸೇರುತ್ತದೆ. ಅದನ್ನು ಅರ್ಧವೃತ್ತದ ಆಕಾರದ ಚಿಕ್ಕ ರೊಟ್ಟಿಯ ಚಿಹ್ನೆಯಿಂದ ಬರೆಯುತ್ತಾರೆ. 1829ರಲ್ಲಿ ಆ ದೇವಾಲಯಕ್ಕೆ ಬಂದ ಶಾಂಪೋಲಿಯೋ, ಗಡ್ಡವಿರುವ ಅರಸನೊಬ್ಬನ ಶಿಲ್ಪದ ಪಕ್ಕದ ಬರಹದಲ್ಲಿ ಸ್ತ್ರೀಲಿಂಗದ ರೂಪಗಳೇ ಇರುವುದನ್ನು ಕಂಡು ಅಚ್ಚರಿಪಟ್ಟನು. ಹತ್ಶೆಪ್ಸುತ್ ಎಂಬ ಹೆಣ್ಣು ಅರಸನ ವೇಷದಲ್ಲಿ ಆಳಿದ್ದಳು ಎಂಬ ಚರಿತ್ರೆ ಆಗ ಯಾರಿಗೂ ತಿಳಿದಿರಲಿಲ್ಲ. ಆಕೆಯ ಹೆಸರನ್ನು ಕೆತ್ತಿ ಅಳಿಸಿದವರು ಎಲ್ಲ ಕಡೆಯೂ ವ್ಯಾಕರಣವನ್ನು ತಿದ್ದಿರಲಿಲ್ಲ. ಇಂದು ಅಲ್ಲಿಗೆ ಹೋಗುವ ಕಲಿಕೆಯವರು ಆ ಪುಟ್ಟ ಅರ್ಧವೃತ್ತವನ್ನು ತಾವೇ ಹುಡುಕಿಕೊಳ್ಳಬೇಕು. ಮಾರ್ಗದರ್ಶಕರು ಬೆರಳು ತೋರಿಸಿದರೆ ಅದರ ಅರ್ಧ ಪ್ರಯೋಜನ ಹೋಗುತ್ತದೆ.

ಕೆತ್ತನೆಯನ್ನು ಓದಲು ಬೆಳಕೂ ಮುಖ್ಯ. ನೆತ್ತಿಯ ಬಿಸಿಲಿನಲ್ಲಿ ಸಪಾಟಾಗಿ ಕಾಣುವ ಗೋಡೆ ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಸ್ಪಷ್ಟವಾಗುತ್ತದೆ. ಹೊರಗೋಡೆಗಳ ಮೇಲೆ ಅಕ್ಷರಗಳನ್ನು ಕಲ್ಲಿನೊಳಕ್ಕೆ ತಗ್ಗಾಗಿ ಕೊರೆದು, ಒಳಗೆ ಅವನ್ನು ಉಬ್ಬಾಗಿ ಬಿಡಿಸುವ ಪದ್ಧತಿ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬೆಳೆದದ್ದು. ಸವೆದ ಕಲ್ಲಿನಲ್ಲಿ ಬಾಲದ ಆಕಾರವೊಂದೇ ಅರ್ಥವನ್ನು ಬದಲಿಸಬಹುದು: ಕವಲುಬಾಲದ ಹಕ್ಕಿ ‘ವೆರ್’, ಅಂದರೆ ಹಿರಿದು, ದುಂಡುಬಾಲದ ಗುಬ್ಬಚ್ಚಿಯಾದರೆ ಕಿರಿದು, ಕೆಟ್ಟದ್ದು ಎಂಬುದರ ಅರ್ಥಸೂಚಕ. ಹೀಗಾಗಿ ಮಾರ್ಗದರ್ಶಕರೊಂದಿಗೆ ಕೂತು ಚಿಹ್ನೆಗಳನ್ನು ಕೈಯಾರೆ ನಕಲು ಮಾಡುವ ಅಭ್ಯಾಸವನ್ನು ಒಳ್ಳೆಯ ಪ್ರವಾಸಗಳು ಬಿಡುವುದಿಲ್ಲ; ಫೋಟೋ ತೆಗೆದವರಿಗೆ ಕಾಣದ ಬಾಲ ಬರೆದವರಿಗೆ ಕಾಣುತ್ತದೆ. ಅರಸರ ಕಣಿವೆಯ ಗೋರಿಗಳೊಳಗೆ ಮಾರ್ಗದರ್ಶಕರು ವಿವರಣೆ ಕೊಡುವಂತಿಲ್ಲವಾದ್ದರಿಂದ ಅಲ್ಲಿಯ ಪಾಠವನ್ನು ಹೊರಗೇ ಮುಗಿಸಿ, ಒಳಗೆ ಕಲಿತವರೇ ಓದಿಕೊಳ್ಳಬೇಕಾಗುತ್ತದೆ.

ಇಂತಹ ಪ್ರವಾಸದಿಂದ ಬಂದವರು ಹೆಸರು, ಬಿರುದು, ಎಡೆಯ ಸೂತ್ರ, ದೇವರ ಮಾತಿನ ಆರಂಭ ಇಷ್ಟನ್ನು ಓದಬಲ್ಲರು. ಕಥನ ಅಥವಾ ಯುದ್ಧವರ್ಣನೆಯನ್ನು ಓದಲು ಕ್ರಿಯಾಪದಗಳ ವ್ಯಾಕರಣ ಬೇಕು, ಅದಕ್ಕೆ ವರ್ಷಗಳ ಅಭ್ಯಾಸ ಬೇಕು. ಸ್ಥಳಗಳನ್ನು ನೋಡುವ ಕ್ರಮವೂ ಇದಕ್ಕೆ ತಕ್ಕಂತಿರಬೇಕು. ಮೊದಲು ಕಾರ್ನಾಕ್‌ನ ಬಯಲು ವಸ್ತುಸಂಗ್ರಹಾಲಯದಲ್ಲಿರುವ ಒಂದನೇ ಸೆನುಸ್ರೆತ್‌ನ ಬಿಳಿಯ ಮಂಟಪ: ಮೂರನೇ ಮಹಾದ್ವಾರದ ಒಳಗೆ ತುಂಬುಗಲ್ಲುಗಳಾಗಿ ಸಿಕ್ಕು ಮತ್ತೆ ಜೋಡಿಸಲ್ಪಟ್ಟ ಅದರ ಅಕ್ಷರಗಳು ಹಕ್ಕಿಯ ಗರಿಗಳವರೆಗೂ ಸ್ಪಷ್ಟವಾಗಿವೆ. ಅನಂತರ ಅಬೈಡೋಸ್, ಆಮೇಲೆ ಗೋರಿಗಳು. ದೆಂದೆರಾ, ಎದ್ಫು, ಫಿಲೇ ದೇವಾಲಯಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಮೇಲು, ಏಕೆಂದರೆ ಶಾಸ್ತ್ರೀಯ ಕಾಲದಲ್ಲಿ ಸುಮಾರು 700ರಷ್ಟಿದ್ದ ಚಿಹ್ನೆಗಳು ಗ್ರೀಕ್ ಅರಸರ ಕಾಲದ ಅರ್ಚಕರ ಕೈಯಲ್ಲಿ ಹಲವು ಸಾವಿರಗಳಾಗಿ ಬೆಳೆದಿದ್ದು, ಅಲ್ಲಿ ಪರಿಚಿತ ಹಕ್ಕಿಯೂ ಹೊಸ ಧ್ವನಿಯನ್ನು ಕೊಡಬಹುದು.