ಗೊಲ್ಲಮ್‌ಗೆ ಏನು ಕಾಯಿಲೆ?

ಬೆಂಗಳೂರಿನಲ್ಲಿ ಯಾರಾದರೂ ಒಂಚೂರು ವಿಚಿತ್ರವಾಗಿ ಆಡಿದರೆ ಸಾಕು, 'ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ' ಅಂತ ಪಕ್ಕದವರು ತೀರ್ಪು ಕೊಟ್ಟುಬಿಡುತ್ತಾರೆ. ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಗೊಲ್ಲಮ್ ಈ ತೀರ್ಪಿಗೆ ಹೇಳಿ ಮಾಡಿಸಿದ ಗಿರಾಕಿ. ಒಣಕಲು ಮೈ, ಮಿಣಮಿಣ ಕಣ್ಣು, ತನ್ನ ಜೊತೆ ತಾನೇ ಜಗಳ, ಒಂದು ಮಾಯಾ ಉಂಗುರಕ್ಕಾಗಿ ಗೆಳೆಯನ ಕೊಲೆ.

ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿಗಳ ಒಂದು ತಂಡ 2004ರಲ್ಲಿ ಅವನನ್ನು ಅರ್ಧ ತಮಾಷೆಗೆ, ಅರ್ಧ ನಿಜಕ್ಕೂ ಪರೀಕ್ಷೆ ಮಾಡಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಬರೆಯಿತು. ಮೊದಲು 30 ಸಹಪಾಠಿಗಳನ್ನು ಕೇಳಿದರೆ ಹೆಚ್ಚಿನವರು ಸ್ಕಿಜೋಫ್ರೀನಿಯಾ ಅಂದರು. ಭಾವಿ ಡಾಕ್ಟರುಗಳಿಗೇ ಈ ಗೊಂದಲ! ಒಬ್ಬನೊಳಗೆ ಇಬ್ಬರಿರುವುದು ಸ್ಕಿಜೋಫ್ರೀನಿಯಾ ಅಲ್ಲ. ಬೇರೆ ಯಾರಿಗೂ ಕೇಳದ ದನಿ ಕೇಳುವುದು, ಯಾವ ಸಾಕ್ಷ್ಯಕ್ಕೂ ಅಲುಗದ ಭ್ರಮೆ ಬೇರೂರುವುದು, ಯೋಚನೆಯ ಎಳೆ ತಪ್ಪುವುದು ಅದರ ಲಕ್ಷಣಗಳು. ಉಂಗುರಕ್ಕೆ ಶಕ್ತಿಯಿದೆ ಎಂಬ ಗೊಲ್ಲಮ್‌ನ ನಂಬಿಕೆಯನ್ನು ಭ್ರಮೆ ಎನ್ನಲೂ ಆಗದು, ಆ ಲೋಕದಲ್ಲಿ ಅದಕ್ಕೆ ನಿಜವಾಗಿಯೂ ಶಕ್ತಿಯಿದೆ. ತಂಡದವರು ಕೊನೆಗೆ ಸ್ಕಿಜಾಯ್ಡ್ ವ್ಯಕ್ತಿತ್ವ ದೋಷ ಎಂದರು. 9 ಲಕ್ಷಣಗಳಲ್ಲಿ 7 ತಾಳೆಯಾದವಂತೆ.

ನನಗೆ ಇದೂ ಒಪ್ಪಿಗೆಯಿಲ್ಲ. ಸ್ಕಿಜಾಯ್ಡ್ ಸ್ವಭಾವದವರಿಗೆ ಸಾಮಾನ್ಯವಾಗಿ ಜನರ ಸಂಗವೇ ಬೇಕಿರುವುದಿಲ್ಲ. ಉಂಗುರ ಸಿಗುವ ಮೊದಲು ಗೊಲ್ಲಮ್‌ಗೆ ಮನೆಯಿತ್ತು, ಮೀನು ಹಿಡಿಯಲು ಜೊತೆಗೊಬ್ಬ ಗೆಳೆಯನಿದ್ದ. ಕಥೆಯನ್ನು ವ್ಯಸನದ ಕಣ್ಣಿನಿಂದ ಓದಿದರೆ ಹೆಚ್ಚು ಕೂಡಿಬರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ರಾಬಿನ್ಸನ್ ಮತ್ತು ಬೆರಿಜ್ 1993ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಮಿದುಳಿನಲ್ಲಿ 'ಬೇಕು' ಅನ್ನುವ ವ್ಯವಸ್ಥೆ ಬೇರೆ, 'ಹಿತ' ಅನ್ನುವುದು ಬೇರೆ. 'ಬೇಕು' ಅನ್ನಿಸುವ ಮಿದುಳಿನ ರಾಸಾಯನಿಕ ಡೋಪಮೈನ್. ಅದನ್ನು ಬತ್ತಿಸಿದ ಇಲಿಗಳು ಆಹಾರದ ಹತ್ತಿರವೂ ಸುಳಿಯುವುದಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಎಂದಿನಂತೆ ಚಪ್ಪರಿಸುತ್ತವೆ. ವ್ಯಸನದಲ್ಲಿ ಇದು ತಿರುವುಮುರುವಾಗುತ್ತದೆ: ಹಿತ ಬೆಳೆಯದೆ, ಎಷ್ಟೋ ಸಲ ಕರಗಿಹೋಗಿಯೂ, 'ಬೇಕು' ಮಾತ್ರ ಕೆರಳುತ್ತಲೇ ಹೋಗುತ್ತದೆ. ಸುಮಾರು 500 ವರ್ಷ ಉಂಗುರ ಇಟ್ಟುಕೊಂಡಿದ್ದ ಗೊಲ್ಲಮ್ ಕೊನೆಕೊನೆಗೆ ಅದನ್ನು ತೊಡುತ್ತಿದ್ದದ್ದೇ ಅಪರೂಪ. ಅದರ ಮೇಲೆ ಅವನಿಗೆ ದ್ವೇಷವೂ ಇತ್ತು. ಬಿಡಲಾಗುತ್ತಿರಲಿಲ್ಲ, ಅಷ್ಟೇ.

ಹಾಗಂತ ಕೊಲೆಗೆ ಕಾಯಿಲೆಯನ್ನೇ ಕಾರಣ ಮಾಡಿದರೆ ಅನುಕಂಪದ ಹೆಸರಿನಲ್ಲಿ ಅಪಕಾರವಾಗುತ್ತದೆ. ಸ್ವೀಡನ್ನಿನ ದಾಖಲೆಗಳನ್ನು ಜಾಲಾಡಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಂಸಾಪರಾಧಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯ ಪಾಲು ಸುಮಾರು ಶೇ. 5 ಮಾತ್ರ. ಖಳನ ಸಂಕಟ ಅರಿಯಲು ರೋಗದ ಚೀಟಿ ಬೇಕೇ ಬೇಕು ಅಂತಲೂ ಇಲ್ಲ. ರನ್ನ ಸಾವಿರ ವರ್ಷದ ಹಿಂದೆಯೇ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ಅಲೆಸಿ, ದುಶ್ಶಾಸನನ ಶವದೆದುರು ಗೋಳಾಡಿಸಿ, ಓದುವವರ ಗಂಟಲು ಕಟ್ಟಿಸಿದ.

ಕಾದಂಬರಿಯಲ್ಲೊಂದು ಗಳಿಗೆ ಇದೆ. ಈಗ ಉಂಗುರ ಹೊತ್ತು ಸಾಗುತ್ತಿರುವ ಫ್ರೋಡೋ ಮಲಗಿರುವುದನ್ನು ನೋಡಿ ಗೊಲ್ಲಮ್ ಮೆತ್ತಗಾಗುತ್ತಾನೆ, ಅಳುಕುತ್ತಲೇ ಅವನ ಮಂಡಿ ಮುಟ್ಟುತ್ತಾನೆ. ಫ್ರೋಡೋನ ಜೊತೆಗಾರ ಸ್ಯಾಮ್ ಆಗಷ್ಟೇ ಎಚ್ಚರವಾಗಿ 'ಏನು ಕಳ್ಳಾಟ' ಎಂಬಂತೆ ಗದರುತ್ತಾನೆ. ಗೊಲ್ಲಮ್ ಮೆತ್ತಗಾದದ್ದು ಅಲ್ಲಿಗೆ ಮುಗಿಯಿತು. ತನಗೆ ಇಡೀ ಕಥೆಯಲ್ಲಿ ಬಹುಶಃ ಅತ್ಯಂತ ದುರಂತದ ಕ್ಷಣ ಇದೇ ಎಂದು ಟೋಲ್ಕಿನ್ ಪತ್ರವೊಂದರಲ್ಲಿ ಬರೆದರು. ಮನೋವೈದ್ಯರಿಗೂ ಈ ದೃಶ್ಯ ಗುರುತು ಸಿಕ್ಕೀತು. ಮನೆಯಲ್ಲಿ ಟೀಕೆ, ಹಗೆ ಹೆಚ್ಚಿದ್ದರೆ ಸ್ಕಿಜೋಫ್ರೀನಿಯಾ ಮರುಕಳಿಸುವುದು ಹೆಚ್ಚು ಎಂದು ಜಾರ್ಜ್ ಬ್ರೌನ್ ಮತ್ತಿತರರು ಲಂಡನ್ನಿನಲ್ಲಿ ದಶಕಗಳ ಹಿಂದೆಯೇ ತೋರಿಸಿದ್ದರು. ಮದ್ಯವ್ಯಸನದಲ್ಲೂ ಇಂಥದೇ ನಂಟು ಕಂಡಿದೆ. ಬೈದವರೇ ಕಾಯಿಲೆ ತಂದರು ಅಂತ ಇದರರ್ಥವಲ್ಲ. ಸ್ಯಾಮ್ ಕೆಟ್ಟವನಲ್ಲ, ದಣಿದು ಹೆದರಿದವನು. ಕುಡಿತಕ್ಕೆ ಬಿದ್ದವನ ಅಣ್ಣನೋ ಹೆಂಡತಿಯೋ ಇದ್ದಂತೆ.

ನಿಮ್ಹಾನ್ಸ್ ನಡೆಸಿಕೊಟ್ಟ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕುಡಿತದ ಸಮಸ್ಯೆಯಿದ್ದ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, 14416, ಇದೆ, ಕನ್ನಡದಲ್ಲೂ ಮಾತಾಡಬಹುದು. ಗೊಲ್ಲಮ್ ತಾನಾಗಿ ಫೋನ್ ಮಾಡುವವನಲ್ಲ. ಸ್ಯಾಮ್ ಮಾಡಬಹುದು.