ಕೊಳಚೆ ನೀರಿಗೆ ಹೆಪ್ಪು

ಬೆಂಗಳೂರಲ್ಲಿ ನದಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಬಸವನಗುಡಿಯ ದೊಡ್ಡ ಬಸವನ ಕಡೆ ಕೈ ತೋರಿಸಬೇಕು. ವೃಷಭಾವತಿ ಹುಟ್ಟುವುದು ಅಲ್ಲೇ. ಮೈಸೂರು ರಸ್ತೆಯ ಬಸ್ಸಿನಲ್ಲಿ ಮೂಗು ಮುಚ್ಚಿಸುವುದೂ ಅದೇ. ಅದು ಅರ್ಕಾವತಿ ಸೇರಿ, ಆಮೇಲೆ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಊರಿನ ಇನ್ನೊಂದು ಮಗ್ಗುಲಿನ ನೀರು ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ನಾವು ದಿಬ್ಬದ ಮೇಲಿನವರು. ಇಲ್ಲಿ ಚೆಲ್ಲಿದ್ದೆಲ್ಲ ಕೆಳಗಿನವರ ಪಾಲು.

ಹೊಳೆ ನಾರುವುದು ಕೊಳೆ ಬಿತ್ತು ಅಂತಷ್ಟೇ ಅಲ್ಲ, ಉಸಿರು ಕಟ್ಟಿದ್ದಕ್ಕೆ. ಕೊಳಚೆ ಎಂದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ತಿನ್ನುತ್ತಾ ತಿನ್ನುತ್ತಾ ಅವು ನೀರಿನಲ್ಲಿರುವ ಆಮ್ಲಜನಕ ಖಾಲಿ ಮಾಡುತ್ತವೆ. ಒಂದು ಲೀಟರ್ ಕೊಳಚೆಯನ್ನು ಅರಗಿಸಲು ಸುಮಾರು 200 ಮಿಲಿಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ಶುದ್ಧ ನೀರಿನಲ್ಲಿ ಇರುವುದು ಸುಮಾರು 8 ಮಿಲಿಗ್ರಾಂ. ಅಂದರೆ ಒಂದು ಬಕೆಟ್ ಕೊಳಚೆ 25 ಬಕೆಟ್ ಒಳ್ಳೆ ನೀರಿನ ಉಸಿರು ಕುಡಿದುಬಿಡುತ್ತದೆ! ಮೀನು ಸಾಯುತ್ತದೆ. ಆಮ್ಲಜನಕ ಬೇಡದ ಬೇರೆ ಬ್ಯಾಕ್ಟೀರಿಯಾಗಳು ಬಂದು ಕೊಳೆತ ಮೊಟ್ಟೆಯ ವಾಸನೆ ಹರಡುತ್ತವೆ.

ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಮಾಡುವ ಕೆಲಸ ಇಷ್ಟೇ: ಆ ಊಟವನ್ನು ಹೊಳೆಯಲ್ಲಿ ನಡೆಯಲು ಬಿಡದೆ ತೊಟ್ಟಿಯಲ್ಲೇ ಮುಗಿಸುವುದು.

ಒಮ್ಮೆ ಒಂದು ಚಿಕ್ಕ ಎಸ್‌ಟಿಪಿ ನೋಡಲು ಹೋಗಿದ್ದೆ. ಬಾಗಿಲಲ್ಲೇ ಜರಡಿ. ಅದರಲ್ಲಿ ಶಾಂಪೂ ಪ್ಯಾಕೆಟ್ಟು, ಕೂದಲು, ಒಂದು ಮಗುವಿನ ಚಪ್ಪಲಿ ಸಿಕ್ಕಿಕೊಂಡಿದ್ದವು. ಮುಂದೆ ಏರೇಶನ್ ತೊಟ್ಟಿ. ಬ್ಲೋವರ್ ತಳದಿಂದ ಗಾಳಿ ಊದುತ್ತದೆ, ಕಂದು ನೀರು ಸಾರಿನ ಹಾಗೆ ಕುದಿಯುತ್ತದೆ. ಮೂಗು ಹಿಡಿದು ಹತ್ತಿರ ಹೋದವನಿಗೆ ಬಂದದ್ದು ಒದ್ದೆ ಮಣ್ಣಿನ ವಾಸನೆ. ಆಪರೇಟರ್ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಆ ನೀರು ತುಂಬಿ ಮೇಜಿನ ಮೇಲಿಟ್ಟರು. "ಅರ್ಧ ಗಂಟೆ ಕಾಯಿರಿ ಸಾರ್." ನೋಡನೋಡುತ್ತಾ ಕಂದು ಚೂರುಗಳು ಒಂದಕ್ಕೊಂದು ಅಂಟಿಕೊಂಡು ಕೆಳಗಿಳಿದವು. ಮೇಲೆ ತಿಳಿನೀರು.

ಆ ಗಸಿಯಲ್ಲೇ ಇರುವುದು ಗುಟ್ಟು. ಅದರ ತುಂಬ ಹಸಿದ ಬ್ಯಾಕ್ಟೀರಿಯಾ. ಜಾಸ್ತಿಯಾದದ್ದನ್ನು ತೆಗೆದು, ಉಳಿದದ್ದನ್ನು ಮತ್ತೆ ತೊಟ್ಟಿಗೆ ಪಂಪ್ ಮಾಡುತ್ತಾರೆ. ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಕಂಡುಕೊಂಡದ್ದು ಇದನ್ನೇ. ಗಸಿ ಚೆಲ್ಲದೆ ಉಳಿಸಿಕೊಂಡರೆ ವಾರಗಟ್ಟಲೆ ಹಿಡಿಯುವ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ.

ಆದರೆ ಹೆಪ್ಪು ಕೆಟ್ಟರೆ ಎಲ್ಲ ಕೆಟ್ಟಿತು. ನಾನಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆಫ್ ಮಾಡುತ್ತಿದ್ದರು. ವಾರದೊಳಗೆ ಕೆಳಮನೆಯವರು ಕಿಟಕಿ ತೆಗೆಯುವ ಹಾಗಿರಲಿಲ್ಲ. ಬ್ಯಾಕ್ಟೀರಿಯಾಗೂ ಉಸಿರು ಬೇಕಲ್ವಾ?

ಚಿಕ್ಕ ಘಟಕಕ್ಕೆ ಒಂದು ಅನುಕೂಲ ಇದೆ, ನೀರು ಹುಟ್ಟಿದಲ್ಲೇ ಉಳಿಯುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯ ಪಕ್ಕದ್ದು ಶುರುವಿನಲ್ಲಿ ದಿನಕ್ಕೆ 1 ಕೋಟಿ ಲೀಟರಿನ ಘಟಕ. ತಲೆಗೆ ದಿನಕ್ಕೆ ನೂರು, ನೂರಹತ್ತು ಲೀಟರ್ ಕೊಳಚೆ ಅಂತ ಹಿಡಿದರೆ ಅದು ಸುಮಾರು 90 ಸಾವಿರದಿಂದ ಒಂದು ಲಕ್ಷ ಜನರ ಲೆಕ್ಕ. ಶುದ್ಧವಾದ ನೀರು ಮೊದಲು ಆಪು, ಜೊಂಡು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹಾದು, ಆಮೇಲೆ ಕೆರೆಗೆ ಇಳಿಯುತ್ತದೆ. ಆ ಕೆರೆಯಲ್ಲಿ ಮೀನು ಹಿಡಿಯುವವರಿದ್ದಾರೆ. ಕೋಡಿ ಹರಿದರೆ ನೀರು ರಾಚೇನಹಳ್ಳಿ ಕೆರೆಗೆ.

ಜೌಗು ಸುಮ್ನೆ ಅಂದಕ್ಕಲ್ಲ. ನಮ್ಮ ಮೂತ್ರದಲ್ಲಿ, ಸೋಪಿನ ಪುಡಿಯಲ್ಲಿ ಇರುವ ರಂಜಕ (ಫಾಸ್ಫರಸ್) ಹೆಪ್ಪಿನ ತೊಟ್ಟಿಗೆ ಪೂರ್ತಿ ಬಗ್ಗುವುದಿಲ್ಲ. ಅದು ಕೆರೆಗೆ ಸಿಕ್ಕಿದರೆ ಗೊಬ್ಬರ, ಕಳೆ ಹುಲುಸಾಗಿ ಬೆಳೆದು ನೀರನ್ನೇ ಮುಚ್ಚುತ್ತದೆ. ಜೊಂಡಿನ ಬೇರು ಒಂದಿಷ್ಟನ್ನು ಹೀರಿಕೊಳ್ಳುತ್ತದೆ. ಆದರೆ ಬೆಳೆದ ಜೊಂಡನ್ನು ಆಗಾಗ ಕೊಯ್ದು ಆಚೆ ಸಾಗಿಸಬೇಕು. ಅಲ್ಲೇ ಬಿಟ್ಟರೆ ಕೊಳೆತು, ಹೀರಿದ ರಂಜಕವನ್ನು ಮತ್ತೆ ನೀರಿಗೇ ಬಿಡುತ್ತದೆ.