ಎಫ್‌ಎಸ್‌ಎಲ್‌ಗೆ ಕೋಟಿ ಕೋಟಿ ಬಂದರೂ ವರದಿ ಯಾಕೆ ತಡ?

ಪ್ರಶ್ನೆ: ಸಂಬಂಧಿಕರೊಬ್ಬರ ಸಾವಿನ ಪ್ರಕರಣದಲ್ಲಿ ವಿಸೆರಾವನ್ನು (ಶವಪರೀಕ್ಷೆಯಲ್ಲಿ ತೆಗೆದ ಒಳಾಂಗಗಳ ಮಾದರಿ) ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸಿ ತಿಂಗಳುಗಳಾಗಿವೆ. ಠಾಣೆಗೆ ಹೋದಾಗಲೆಲ್ಲ ‘ಎಫ್‌ಎಸ್‌ಎಲ್ ರಿಪೋರ್ಟ್ ಬಂದಿಲ್ಲ’ ಎಂಬ ಉತ್ತರ. ಪೇಪರಿನಲ್ಲಿ ನೋಡಿದರೆ ಸಾವಿರಾರು ಕೋಟಿ ಮಂಜೂರು. ಹಣ ಎಲ್ಲಿ ಹೋಗುತ್ತದೆ?

ಪೇಪರಿನಲ್ಲಿ ಓದಿದ ಕೋಟಿಗಳಲ್ಲಿ ದೊಡ್ಡ ಪಾಲು ನಿಮ್ಮ ಭಾಗದ ಲ್ಯಾಬಿಗೆ ಸಂಬಂಧಿಸಿದ್ದೇ ಅಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 2,254.43 ಕೋಟಿ ರೂಪಾಯಿಯ ಯೋಜನೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ ಮತ್ತು ಕೇಂದ್ರದ್ದೇ ಆದ ಹೊಸ ಪ್ರಯೋಗಾಲಯಗಳಿಗೆ. ರಾಜ್ಯಗಳ ಲ್ಯಾಬುಗಳಿಗೆಂದು ಇಟ್ಟದ್ದು ಬೇರೆ: ಪೊಲೀಸ್ ಆಧುನೀಕರಣ ಯೋಜನೆಯೊಳಗೆ 2,080.50 ಕೋಟಿ, ಅದೂ 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ, ಎಲ್ಲ ರಾಜ್ಯಗಳಿಗೂ ಸೇರಿ. ಡಿಎನ್‌ಎ ಮತ್ತು ಸೈಬರ್ ವಿಭಾಗಗಳಿಗೆ ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಇಟ್ಟಿರುವ ನಿರ್ಭಯಾ ನಿಧಿಯಿಂದಲೂ ಒಂದಿಷ್ಟು ಬರುತ್ತದೆ. ಒಮ್ಮೆ ಬಂದ ಅನುದಾನ ಖರ್ಚಾಗಿ ಬಳಕೆ ಪ್ರಮಾಣಪತ್ರ ದೆಹಲಿ ತಲುಪದಿದ್ದರೆ ಮುಂದಿನದು ಅಲ್ಲೇ ನಿಲ್ಲುತ್ತದೆ. ಟೆಂಡರ್ ಒಂದು ಸಲ ರದ್ದಾದರೂ ಸಾಕು, ಆ ವರ್ಷ ಹೋದ ಹಾಗೆಯೇ.

ಪೊಲೀಸ್ ರಾಜ್ಯಪಟ್ಟಿಯ ವಿಷಯ. ಹೀಗಾಗಿ ದಿನನಿತ್ಯದ ಖರ್ಚು ಹೊರುವುದು ರಾಜ್ಯ ಬಜೆಟ್. ಒಳಾಡಳಿತ ಇಲಾಖೆಯ ಬಜೆಟ್ ಬೇಡಿಕೆಯಲ್ಲಿ 2055 (ಪೊಲೀಸ್) ಎಂಬ ಲೆಕ್ಕಶೀರ್ಷಿಕೆಯ ಕೆಳಗೆ 116 ಎಂಬ ಸಾಲು ಹುಡುಕಿ, ವಿಧಿವಿಜ್ಞಾನದ್ದು ಅದೇ. ಕಟ್ಟಡದ ಹಣ 4055ರಲ್ಲಿ ಇರುತ್ತದೆ. ಉದ್ಘಾಟನೆಯ ಫೋಟೊ 4055ರದ್ದು. ನಿಮ್ಮ ವರದಿ ಬರಬೇಕಾದರೆ ಬೇಕಿರುವುದು 2055ರ ದುಡ್ಡು.

ಯಾಕೆಂದರೆ ಯಂತ್ರ ಕೊಳ್ಳುವುದು ಒಮ್ಮೆ, ಅದಕ್ಕೆ ಮೇವು ಹಾಕುವುದು ವರ್ಷವಿಡೀ. ವಿಷ ಪತ್ತೆಗೆ ಬಳಸುವ ಜಿಸಿ-ಎಂಎಸ್ ಎಂಬ ಯಂತ್ರಕ್ಕೆ ಸಾಮಾನ್ಯವಾಗಿ ಶೇ 99.999 ಶುದ್ಧತೆಯ ಹೀಲಿಯಂ ಬೇಕು. ಭಾರತ ಹೀಲಿಯಂಗೆ ಆಮದನ್ನೇ ನೆಚ್ಚಿದೆ. ಯಂತ್ರದೊಳಗೆ ರಾಸಾಯನಿಕಗಳನ್ನು ಬೇರ್ಪಡಿಸುವ ಕೊಳವೆ (ಕಾಲಂ) ಸವೆಯುತ್ತದೆ, ಹೋಲಿಸಿ ನೋಡಲು ಬೇಕಾದ ಶುದ್ಧ ಮಾದರಿ ರಾಸಾಯನಿಕಗಳ ಅವಧಿ ಮುಗಿಯುತ್ತದೆ. ಡಿಎನ್‌ಎ ವಿಭಾಗದ್ದು ಇನ್ನೂ ಕಷ್ಟ. ಮಾದರಿಯಿಂದ ಡಿಎನ್‌ಎ ಬೇರ್ಪಡಿಸಿ, ಪ್ರಮಾಣ ಅಳೆದು, ಪಿಸಿಆರ್ ಯಂತ್ರದಲ್ಲಿ ಅದರ ಪ್ರತಿಗಳನ್ನು ಹೆಚ್ಚಿಸಿ, ಡಿಎನ್‌ಎ ಓದುವ ಜೆನೆಟಿಕ್ ಅನಲೈಸರ್‌ನಲ್ಲಿ ಓಡಿಸಬೇಕು. ಒಂದೊಂದು ಹಂತಕ್ಕೂ ಕಿಟ್. ಕಿಟ್‌ಗಳನ್ನು ತಣ್ಣಗೇ ಇಡಬೇಕು, ಅವಕ್ಕೂ ಎಕ್ಸ್‌ಪೈರಿ ಉಂಟು. ಮಾರ್ಚ್ ಕೊನೆಯಲ್ಲಿ ಅನುದಾನ ವಾಪಸ್ ಹೋಗುತ್ತದೆಂಬ ಹೆದರಿಕೆಗೆ ಒಟ್ಟಿಗೆ ಕೊಂಡರೆ ಅರ್ಧ ಹಾಳು. ಕೊಳ್ಳದಿದ್ದರೆ ಯಂತ್ರ ಇದ್ದೂ ಕೆಲಸವಿಲ್ಲ. ವಾರಂಟಿ ಮುಗಿದ ಮೇಲೆ ನಿರ್ವಹಣಾ ಗುತ್ತಿಗೆಗೆ ಹಣ ಇಡದಿರುವುದು ಎಲ್ಲಕ್ಕಿಂತ ದುಬಾರಿ ಉಳಿತಾಯ.

ಇಷ್ಟೆಲ್ಲ ಇದ್ದರೂ ಸಹಿ ಹಾಕಬೇಕಾದವರು ವಿಜ್ಞಾನಿ. ಖಾಲಿ ಹುದ್ದೆಯನ್ನು ಯಂತ್ರ ತುಂಬದು. ಸಾಕ್ಷ್ಯ ಹೇಳಲು ಅವರು ಕೋರ್ಟಿಗೆ ಹೋದ ದಿನ ಮೇಜಿನ ಕೆಲಸ ನಿಲ್ಲುತ್ತದೆ. ಜೊತೆಗೆ 2024ರ ಜುಲೈ 1ರಿಂದ ಸಿಆರ್‌ಪಿಸಿಯ ಜಾಗದಲ್ಲಿ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 176(3)ನೇ ಕಲಂ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ. ಇದನ್ನು ಕಡ್ಡಾಯ ಮಾಡಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ಸ್ಥಳದಲ್ಲಿ ಹೆಚ್ಚು ಸಂಗ್ರಹಿಸಿದಷ್ಟೂ ಲ್ಯಾಬಿಗೆ ಬರುವ ಪೊಟ್ಟಣಗಳು ಹೆಚ್ಚು. ಆ ಲೆಕ್ಕಕ್ಕೆ ಹುದ್ದೆ ಮಂಜೂರಾಗದಿದ್ದರೆ ಸಾಲು ಇನ್ನಷ್ಟು ಉದ್ದವಾಗುತ್ತದೆ.

ಎಲ್ಲ ತಡವೂ ಹಣದ್ದಲ್ಲ ಎನ್ನುವುದನ್ನೂ ಹೇಳಬೇಕು. ವಿಸೆರಾವನ್ನು ಸಾಮಾನ್ಯವಾಗಿ ಉಪ್ಪಿನ ಸಂತೃಪ್ತ ದ್ರಾವಣದಲ್ಲಿ ಇಡುತ್ತಾರೆ. ಏನೂ ಹಾಕದ ಅದೇ ದ್ರಾವಣದ ಮಾದರಿಯನ್ನೂ ಬೇರೆ ಬಾಟಲಿಯಲ್ಲಿ ಕಳಿಸಬೇಕು. ಆಲ್ಕೋಹಾಲ್ ಅಂಶ ನೋಡಬೇಕಾದ ರಕ್ತಕ್ಕೆ ಸೋಡಿಯಂ ಫ್ಲೋರೈಡ್ ಹಾಕದಿದ್ದರೆ ಫಲಿತಾಂಶವನ್ನು ನಂಬಲಾಗದು. ರಕ್ತದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಪೊಟ್ಟಣದ ಅರಗಿನ ಮುದ್ರೆ ಜೊತೆಗಿಟ್ಟ ಮಾದರಿ ಮುದ್ರೆಗೆ ಹೊಂದದಿದ್ದರೆ ಕೌಂಟರಿನಿಂದಲೇ ವಾಪಸ್. ಪ್ರಾದೇಶಿಕ ಲ್ಯಾಬುಗಳಲ್ಲಿ ಎಲ್ಲ ವಿಭಾಗಗಳೂ ಇರಬೇಕೆಂದಿಲ್ಲ. ಇಲ್ಲದ್ದನ್ನು ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯದ ಮುಖ್ಯ ಲ್ಯಾಬಿಗೋ ಆ ವಿಭಾಗವಿರುವ ಬೇರೆ ಲ್ಯಾಬಿಗೋ ಕಳಿಸಬೇಕು.

ಈಗ ನಿಮ್ಮ ಕೈಲಾಗುವುದು. ವರದಿ ತನಿಖಾಧಿಕಾರಿಗೋ ನ್ಯಾಯಾಲಯಕ್ಕೋ ಹೋಗುತ್ತದೆ. ಕುಟುಂಬದವರು ಲ್ಯಾಬಿನ ಬಾಗಿಲು ಬಡಿದು ಪ್ರಯೋಜನವಿಲ್ಲ. ಠಾಣೆಯಲ್ಲಿ ಮೊದಲು ಕೇಳಬೇಕಾದ್ದು ಪೊಟ್ಟಣ ತಲುಪಿಸಿದ್ದಕ್ಕೆ ಲ್ಯಾಬ್ ಕೊಟ್ಟ ಸ್ವೀಕೃತಿಯ ಸಂಖ್ಯೆ ಮತ್ತು ದಿನಾಂಕ. ಎಷ್ಟೋ ಸಲ ಮಾದರಿ ಠಾಣೆಯ ಕಪಾಟಿನಲ್ಲೇ ಇರುತ್ತದೆ. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕೆಂದು ಬಿಎನ್‌ಎಸ್‌ಎಸ್‌ನ 193ನೇ ಕಲಂ ಹೇಳುತ್ತದೆ. ಇದನ್ನು ಬರವಣಿಗೆಯಲ್ಲೇ ಕೇಳಿ.

ಹಣದ ಲೆಕ್ಕ ಬೇಕಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಿಮ್ಮ ಪ್ರಕರಣದ ವರದಿಯನ್ನೇ ಕೇಳಿದರೆ ತನಿಖೆಗೆ ಅಡ್ಡಿ ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಎಚ್) ಕಲಂ ತೋರಿಸಿ ನಿರಾಕರಿಸಬಹುದು. ಬದಲಿಗೆ ಆ ಪ್ರಯೋಗಾಲಯದಲ್ಲಿ ವಿಭಾಗವಾರು ಮಂಜೂರಾದ ಮತ್ತು ಭರ್ತಿಯಾದ ಹುದ್ದೆ, ಬಾಕಿ ಇರುವ ಪ್ರಕರಣಗಳ ಸಂಖ್ಯೆ ಕೇಳಿ. ರಾಸಾಯನಿಕಗಳಿಗೆ ಬಂದ ಹಣ, ಖರ್ಚಾದದ್ದು, ಕೆಟ್ಟು ನಿಂತ ಉಪಕರಣಗಳ ಪಟ್ಟಿ ಇವೆಲ್ಲ ಇನ್ನೊಂದು ಅರ್ಜಿಗೆ ಇರಲಿ.